ಹನ್ನೆರಡು ತಿಂಗಳ 'ನೆಗಡಿ': ಪದೇ ಪದೇ ಬರುವ ಸೀನನ್ನು ತಿಳಿದು ಹಿಡಿತಕ್ಕೆ ತರುವುದು

"ವರ್ಷದ ಹನ್ನೆರಡು ತಿಂಗಳೂ ನೆಗಡಿ ಐತ್ರಿ" ಎನ್ನುವ ಮಾತು ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮನೆಮನೆಯಲ್ಲೂ ಕೇಳಿಬರುತ್ತದೆ. ಆದರೆ ನೆಗಡಿ ಹನ್ನೆರಡು ತಿಂಗಳು ಇರುವಂಥದ್ದೇ ಅಲ್ಲ. ವೈರಸ್‌ನಿಂದ ಬರುವ ನೆಗಡಿ ಗಂಟಲು ನೋವು, ಮೈಕೈ ನೋವುಗಳ ಜೊತೆ ಬಂದು, ಏಳರಿಂದ ಹತ್ತು ದಿನದಲ್ಲಿ ತಾನಾಗಿ ಇಳಿದುಹೋಗುತ್ತದೆ. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಡುವಷ್ಟರಲ್ಲಿ ಎಂಟು ಹತ್ತು ಸೀನು, ನೀರಿನಂತೆ ಸುರಿಯುವ ಸಿಂಬಳ, ಮೂಗು, ಅಂಗುಳ, ಕಣ್ಣಿನ ಮೂಲೆಗಳಲ್ಲಿ ತುರಿಕೆ. ಹತ್ತು ಗಂಟೆಯ ಹೊತ್ತಿಗೆ ಎಲ್ಲ ಸುಮ್ಮನಾಗಿ, ಮರುದಿನ ಮತ್ತೆ ಅದೇ ಪಾಡು. ಇದು ಮೂಗಿನ ಅಲರ್ಜಿಯ ಗುರುತು. ಇದರಲ್ಲಿ ತುರಿಕೆಯನ್ನು ಮುಖ್ಯವಾಗಿ ಗಮನಿಸಿ. ನೆಗಡಿಯಲ್ಲಿ ಮೂಗು ಉರಿಯುತ್ತದೆ, ಅಲರ್ಜಿಯಲ್ಲಿ ತುರಿಸುತ್ತದೆ. ಅಂಗೈಯಿಂದ ಮೂಗಿನ ತುದಿಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿಕೊಳ್ಳುವ ಮಕ್ಕಳನ್ನು ನೋಡಿರುತ್ತೀರಿ. ಹಾಗೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಒಂದು ಅಡ್ಡಗೆರೆ ಮೂಡಿರುತ್ತದೆ, ಕಣ್ಣ ಕೆಳಗೆ ಕಪ್ಪಾಗಿರುತ್ತದೆ. ಆ ಗೆರೆ ಕಂಡರೆ ಅಲರ್ಜಿ ಇದೆಯೆಂದು ಬಹುಮಟ್ಟಿಗೆ ಹೇಳಬಹುದು.

ಸೀನು ಹುಟ್ಟುವ ಬಗೆ

ಮೂಗಿನ ಒಳಪೊರೆಯಲ್ಲಿ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿವೆ. ಅವುಗಳ ಒಳಗೆ ಹಿಸ್ಟಮಿನ್ ಎಂಬ ರಾಸಾಯನಿಕದ ಸಣ್ಣ ಸಣ್ಣ ಚೀಲಗಳು ತುಂಬಿಕೊಂಡಿರುತ್ತವೆ. ಅಲರ್ಜಿ ಇರುವವರ ದೇಹ ಧೂಳಿನ ನುಸಿಯನ್ನೋ ಪರಾಗವನ್ನೋ ಶತ್ರು ಎಂದು ತಪ್ಪಾಗಿ ಗುರುತಿಸಿ, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಈ ಕೋಶಗಳ ಮೈಮೇಲೆ ನಿಲ್ಲಿಸಿರುತ್ತದೆ. ಮುಂದಿನ ಸಲ ಅದೇ ಕಣ ಮೂಗಿಗೆ ಬಂದು ಐಜಿಇಗೆ ತಗುಲಿದರೆ ಚೀಲಗಳು ಒಡೆಯುತ್ತವೆ. ಹಿಸ್ಟಮಿನ್ ಮೂಗಿನ ನರದ ತುದಿಯನ್ನು ಕೆರಳಿಸುತ್ತದೆ, ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟುತ್ತದೆ, ಅಲ್ಲಿಂದ ಎದೆ, ಹೊಟ್ಟೆ, ಗಂಟಲಿನ ಸ್ನಾಯುಗಳಿಗೆ ಒಟ್ಟಿಗೇ ಆಜ್ಞೆ ಹೋಗುತ್ತದೆ: ಸೀನು. ಇಷ್ಟೆಲ್ಲ ನಡೆಯಲು ಕೆಲವೇ ನಿಮಿಷ ಸಾಕು.

ಇದರ ಎರಡನೇ ಹಂತ ಹಲವರಿಗೆ ಗೊತ್ತಿರುವುದಿಲ್ಲ. ನಾಲ್ಕರಿಂದ ಎಂಟು ತಾಸು ಕಳೆದ ಮೇಲೆ ಇಯೋಸಿನೋಫಿಲ್ ಮೊದಲಾದ ಬಿಳಿರಕ್ತಕಣಗಳು ಆ ಜಾಗಕ್ಕೆ ಬಂದು ಸೇರಿ, ಒಳಪೊರೆ ಊದಿಕೊಂಡು, ಮೂಗು ಕಟ್ಟುತ್ತದೆ. ಮಧ್ಯಾಹ್ನ ಹಳೇ ಟ್ರಂಕು ತೆಗೆದು ಧೂಳು ಕುಡಿದವರಿಗೆ ರಾತ್ರಿ ಮೂಗು ಬಂದ್ ಆಗುವುದು ಹೀಗೆ. ಹೀಗೆ ಊದಿಕೊಂಡ ಪೊರೆ ಇನ್ನಷ್ಟು ಸೂಕ್ಷ್ಮವಾಗಿರುತ್ತದೆ. ಮೊದಲು ಏನೂ ಮಾಡದ ಊದಿನಕಡ್ಡಿಯ ಹೊಗೆ, ಒಗ್ಗರಣೆಯ ಘಾಟು, ಬೆಳಗಿನ ತಣ್ಣನೆ ಗಾಳಿ ಕೂಡ ಆಗ ಸೀನು ತರಿಸುತ್ತವೆ. "ನನಗೆ ಎಲ್ಲದರ ಅಲರ್ಜಿ" ಎನ್ನುವವರಿಗೆ ನಿಜವಾಗಿ ಇರುವುದು ಒಂದೆರಡರ ಅಲರ್ಜಿ, ಉಳಿದದ್ದು ಕೆರಳಿದ ಮೂಗಿನ ಸಿಟ್ಟು. ಆ ಒಂದೆರಡನ್ನು ಹಿಡಿದು ಊತ ಇಳಿಸಿದರೆ ಉಳಿದವೂ ಮೆತ್ತಗಾಗುತ್ತವೆ.

ಅಲರ್ಜಿ ಇಲ್ಲದೆಯೂ ಸೀನು ಬರುತ್ತದೆ. ಖಾರ ಕುಟ್ಟುವಾಗ ಮನೆಯವರೆಲ್ಲ ಸೀನುವುದು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರವನ್ನು ನೇರವಾಗಿ ಚುರುಗುಟ್ಟಿಸುವುದರಿಂದ. ನೆರಳಿನಿಂದ ಬಿಸಿಲಿಗೆ ಬಂದಕೂಡಲೆ ಎರಡು ಮೂರು ಸೀನು ಬರುವುದು ಬಹಳ ಜನರಲ್ಲಿರುವ, ವಂಶದಲ್ಲೇ ಹರಿದುಬರುವ ಗುಣ. ಅದಕ್ಕೆ ಔಷಧ ಬೇಕಿಲ್ಲ. ಗರ್ಭಿಣಿಯರಲ್ಲಿ ಹಾರ್ಮೋನಿನಿಂದ ಮೂಗು ಕಟ್ಟುವುದುಂಟು, ಹೆರಿಗೆಯಾದ ಮೇಲೆ ಹೋಗುತ್ತದೆ.

ಯಾವಾಗ, ಎಲ್ಲಿ?

ಔಷಧದ ಅಂಗಡಿಗೆ ಹೋಗುವ ಮೊದಲು ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ: ಸೀನು ಬಂದ ಹೊತ್ತು, ಆಗ ಇದ್ದ ಜಾಗ, ಮಾಡುತ್ತಿದ್ದ ಕೆಲಸ. ಈ ಮೂರೇ ಸಾಕು. ವಾರದಲ್ಲಿ ನಾಲ್ಕು ದಿನಕ್ಕಿಂತ ಕಡಿಮೆ ಅಥವಾ ಒಟ್ಟು ನಾಲ್ಕು ವಾರಕ್ಕಿಂತ ಕಡಿಮೆ ಇದ್ದರೆ ವೈದ್ಯರು ಅದನ್ನು ಬಿಟ್ಟು ಬಿಟ್ಟು ಬರುವ ಅಲರ್ಜಿ ಎನ್ನುತ್ತಾರೆ. ಎರಡನ್ನೂ ಮೀರಿದರೆ ನಿರಂತರ ಅಲರ್ಜಿ. ಚಿಕಿತ್ಸೆ ಇದರ ಮೇಲೆ, ಮತ್ತು ನಿದ್ದೆ, ಓದು, ಕೆಲಸ ಎಷ್ಟು ಕೆಟ್ಟಿದೆ ಎಂಬುದರ ಮೇಲೆ ನಿಂತಿದೆ.

ವರ್ಷಪೂರ್ತಿ ಬೆಳಗಿನ ಜಾವ ಮಾತ್ರ ಬಂದರೆ ಹಾಸಿಗೆಯ ಮೇಲೆ ಅನುಮಾನ ಪಡಿ. ಮಳೆಗಾಲದಲ್ಲಿ ಹೆಚ್ಚಾದರೆ ಗೋಡೆಯ ಬೂಷ್ಟು, ಇಲ್ಲವೇ ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಈಗ ನಮ್ಮ ಹೊಲದ ಬದು, ರಸ್ತೆಬದಿ, ಖಾಲಿ ಸೈಟುಗಳಲ್ಲೆಲ್ಲ ಇದೆ. ಮಳೆ ಬಿದ್ದ ನಾಲ್ಕಾರು ವಾರದಲ್ಲೇ ಬಿಳಿ ಹೂವು ಬಿಡುತ್ತದೆ. ಅದರ ಪರಾಗ ಮೂಗಿಗೂ, ಎಲೆ ಕಾಂಡ ಚರ್ಮಕ್ಕೂ ಅಲರ್ಜಿ ತರುತ್ತವೆ. ಕೀಳುವುದಾದರೆ ಹೂವಾಗುವ ಮೊದಲು, ನೆಲ ಹಸಿ ಇರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಬೇಕು. ಮನೆಯಲ್ಲಿ ಅಲರ್ಜಿ ಇಲ್ಲದವರು ಆ ಕೆಲಸ ವಹಿಸಿಕೊಳ್ಳಲಿ. ಬಳ್ಳಾರಿ ಜಾಲಿಯ ಪರಾಗವೂ ಅಲರ್ಜಿಗೆ ಹೆಸರಾದದ್ದು. ಜೋಳ ಹುಲ್ಲಿನ ಜಾತಿಯದು, ಅದರ ಪರಾಗವೂ ಕೆಲವರಿಗೆ ಆಗದು.

ಹಿಂಗಾರಿ ಜೋಳದ ರಾಶಿ ಹೊತ್ತಿನಲ್ಲಿ ಬರುವ ಸೀನಿಗೆ ತೆನೆಯ ಸುಂಕು, ಹೊಟ್ಟು, ಕಣಿಕಿಗೆ (ಜೋಳದ ಒಣ ದಂಟಿಗೆ) ಹಿಡಿದ ಬೂಷ್ಟು ಎಲ್ಲವೂ ಸೇರಿರುತ್ತವೆ. ಹೆಗಲ ಮೇಲಿನ ಟಾವೆಲ್ ಮೂಗಿಗೆ ಸುತ್ತಿಕೊಂಡರೆ ದಪ್ಪ ಹೊಟ್ಟು ನಿಲ್ಲುತ್ತದೆ, ನವಿರು ಧೂಳು ನಿಲ್ಲುವುದಿಲ್ಲ. ಎನ್-95 ಮಾಸ್ಕನ್ನು ಮೂಗಿನ ತಂತಿ ಒತ್ತಿ, ಗಾಳಿ ಸಂದಿಯಿಂದ ನುಗ್ಗದಂತೆ ಹಾಕಬೇಕು. ಗಾಳಿ ಬೀಸಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿ. ಕೆಲಸ ಮುಗಿದಕೂಡಲೆ ತಲೆಸ್ನಾನ ಮಾಡಿ, ಆ ಬಟ್ಟೆಯನ್ನು ಮಲಗುವ ಕೋಣೆಯ ಗೂಟಕ್ಕೆ ನೇತುಹಾಕದೆ ಹೊರಗೇ ಇಡಿ. ರವದಿ (ಕಬ್ಬಿನ ಒಣ ಸೋಗೆ) ಸುಡುವ ಹೊಗೆ, ಸಿಮೆಂಟ್ ಧೂಳು, ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಹಾರುವ ನೂಲಿನ ತುಣುಕು ಇವೆಲ್ಲ ಹೆಚ್ಚಾಗಿ ಕೆರಳಿಸುವ ವಸ್ತುಗಳು. ರಜೆಯ ದಿನ ಸೀನು ಕಡಿಮೆಯಾಗಿ, ಕೆಲಸಕ್ಕೆ ಹೋದಕೂಡಲೆ ಮರಳಿದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಳಕಲ್ಲಿನ ಕಲ್ಲು ಕೊಯ್ಯುವ ಕೆಲಸದವರಿಗೆ ಮೂಗಿಗಿಂತ ಪುಪ್ಪುಸದ ಅಪಾಯ ದೊಡ್ಡದು. ಅಲ್ಲಿ ನೀರು ಹಾಯಿಸುತ್ತ ಕೊಯ್ಯುವುದೇ ಮೊದಲ ರಕ್ಷಣೆ.

ಗಾದಿ, ದಿಂಬು, ಕೌದಿ

ಧೂಳಿನ ನುಸಿ ಎಂದರೆ ಜೋಳಕ್ಕೆ ಬೀಳುವ ನುಸಿಯಲ್ಲ. ಇದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಉದ್ದದ, ಬರಿಗಣ್ಣಿಗೆ ಕಾಣದ, ಎಂಟು ಕಾಲಿನ ಜೀವಿ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಊಟ. ಕಚ್ಚುವುದಿಲ್ಲ. ಅಲರ್ಜಿ ತರುವುದು ಮುಖ್ಯವಾಗಿ ಇದರ ಹಿಕ್ಕೆಯಲ್ಲಿರುವ ಪ್ರೋಟೀನು. ಇದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ಒಣಗಿ ಸಾಯುತ್ತದೆ. ಅದಕ್ಕೇ ಖಾನಾಪುರ, ಬೆಳಗಾವಿಯ ತಂಪು ಮನೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಇದು ಸೊರಗುತ್ತದೆ. ಆದರೆ ಕಿಟಕಿ ಮುಚ್ಚಿ ಇಡೀ ರಾತ್ರಿ ಕೂಲರ್ ಹಾಕಿದರೆ ಬಿಸಿಲು ಮಾಡಿದ ಉಪಕಾರ ಕೈಬಿಟ್ಟುಹೋಗುತ್ತದೆ. ಕೂಲರ್ ಹಾಕುವುದಾದರೆ ಎದುರಿನ ಕಿಟಕಿ ತೆರೆದಿರಲಿ, ವಾರಕ್ಕೊಮ್ಮೆ ಟ್ಯಾಂಕ್ ಬರಿದುಮಾಡಿ ತಿಕ್ಕಿ ಒಣಗಿಸಿ. ಕಳೆದ ವರ್ಷದ ಹುಲ್ಲಿನ ಪ್ಯಾಡ್ ಕಪ್ಪಾಗಿ ಮುಗ್ಗಲು ವಾಸನೆ ಹೊಡೆದರೆ ಬದಲಿಸಿಬಿಡಿ.

ನಮ್ಮ ಭಾಗದ ಕೌದಿಯನ್ನೇ ತೆಗೆದುಕೊಳ್ಳಿ. ಹಳೇ ಸೀರೆ, ಧೋತರಗಳ ನಾಲ್ಕೈದು ಪದರ ಕೂಡಿಸಿ ಹೊಲಿದದ್ದು, ಬೆಚ್ಚಗಿರುತ್ತದೆ, ತಲೆಮಾರು ಬಾಳುತ್ತದೆ. ಆದರೆ ಆ ಪದರಗಳ ನಡುವೆ ಬೆವರು, ಚರ್ಮದ ಹೊಟ್ಟು, ತೇವ ಮೂರೂ ಕೂಡುತ್ತವೆ. ಎಷ್ಟೋ ಮನೆಗಳಲ್ಲಿ ಅದನ್ನು ಒಗೆಯುವುದು ವರ್ಷಕ್ಕೆ ಒಂದೆರಡು ಸಲ. ಬಿಸಿಲಿಗೆ ಹಾಕಿದರೆ ಸಾಕೆಂಬ ನಂಬಿಕೆ ಅರ್ಧ ನಿಜ. ಸುಡುಬಿಸಿಲಿನಲ್ಲಿ ಮೂರು ನಾಲ್ಕು ತಾಸು, ನಡುವೆ ಮಗುಚಿ ಹಾಕಿದರೆ ನುಸಿ ಬಹಳಷ್ಟು ಸಾಯುತ್ತದೆ. ಹಿಕ್ಕೆಯ ಪ್ರೋಟೀನು ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ತೆಗೆಯುವುದು ನೀರು. ಒಗೆದು, ಆಮೇಲೆ ಬಿಸಿಲಿಗೆ ಹಾಕಿ.

ನುಸಿ ಸಾಯಲು ನೀರು 55ರಿಂದ 60 ಡಿಗ್ರಿ ಬಿಸಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಅಡ್ಡಿಯಿಲ್ಲ: ಹಂಡೆಯಲ್ಲಿ ಕೊತಕೊತ ಕುದಿಯುವ ನೀರು ಒಂದು ಬಕೆಟ್, ನಳದ ನೀರು ಒಂದು ಬಕೆಟ್ ಬೆರೆಸಿದರೆ ಹೆಚ್ಚುಕಡಿಮೆ 60 ಡಿಗ್ರಿ ಬರುತ್ತದೆ. ದಪ್ಪ ಬಟ್ಟೆ ತಾನೂ ಒಂದಷ್ಟು ಬಿಸಿ ಎಳೆಯುವುದರಿಂದ ಕುದಿನೀರು ಎರಡು ಚೊಂಬು ಹೆಚ್ಚಿರಲಿ. ಬಟ್ಟೆ ಪೂರಾ ಮುಳುಗಿಸಿ, ಮೇಲೆ ಮುಚ್ಚಿ, 20 ನಿಮಿಷ ಬಿಡಿ. ಕೋಲಿನಿಂದ ಒತ್ತಿ, ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ದಿಂಬಿನ ಗವಸು, ಹಾಸುವ ಚಾದರ ವಾರಕ್ಕೊಮ್ಮೆ. ಕೌದಿ ತಿಂಗಳಿಗೊಮ್ಮೆ ಆದರೂ ಸರಿ, ಅಷ್ಟು ಆಗದಿದ್ದರೆ ಕೌದಿಗೆ ತೆಳ್ಳನೆಯ ಹತ್ತಿಯ ಗವಸು ಹೊಲಿಸಿ ಅದನ್ನು ವಾರಕ್ಕೊಮ್ಮೆ ಒಗೆಯಿರಿ.

ಅರಳೆಯ ಗಾದಿ, ದಿಂಬುಗಳಿಗೆ ಒತ್ತು ನೇಯ್ಗೆಯ ಜಿಪ್ ಕವರ್ ಸಿಗುತ್ತದೆ. ದಿಂಬಿಗೆ ಮಾತ್ರ ಹಾಕಿ ಗಾದಿ ಬಿಟ್ಟರೆ ಅಥವಾ ಕವರ್ ಹಾಕಿ ಒಗೆಯುವುದನ್ನು ಬಿಟ್ಟರೆ ಫಲ ಕಾಣುವುದಿಲ್ಲ. ಇದರಲ್ಲಿ ಯಾವ ಒಂದು ಉಪಾಯವೂ ಒಂಟಿಯಾಗಿ ಸಾಲದು, ಎಲ್ಲ ಕೂಡಿಯೇ ಕೆಲಸ ಮಾಡಬೇಕು. ಗಾದಿಯ ಅರಳೆ ಹಿಂಜಿಸುವ ದಿನ ಅಲರ್ಜಿ ಇದ್ದವರು ಆ ಓಣಿಯಲ್ಲೇ ಇರದಿರುವುದು ಒಳ್ಳೆಯದು. ಮಂಚದ ಕೆಳಗೆ ಜೋಳದ ಚೀಲ, ಹಳೇ ಪುಸ್ತಕ, ಮೂಟೆಗಳನ್ನು ಇಡಬೇಡಿ. ಕಾಳಿನ ಚೀಲದಲ್ಲಿ ಬೇರೆಯದೇ ಜಾತಿಯ ನುಸಿಗಳಿರುತ್ತವೆ.

ಒಣ ಕಸಬರಿಗೆಯಿಂದ ಗುಡಿಸಿದರೆ ಧೂಳು ನೆಲದಿಂದ ಮೂಗಿಗೆ ವರ್ಗವಾಗುತ್ತದೆ, ಅಷ್ಟೇ. ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಲೇಬೇಕಾದರೆ ಅಲರ್ಜಿ ಇದ್ದವರು ಅರ್ಧ ತಾಸು ಹೊರಗಿರಲಿ. ನುಸಿಯ ಕಣಗಳು ಭಾರವಾಗಿದ್ದು ಅಷ್ಟರಲ್ಲಿ ಬಹುಪಾಲು ಕೆಳಗೆ ಕೂರುತ್ತವೆ. ಬೆಕ್ಕಿನ ಅಲರ್ಜಿ ಕಣ ಹಾಗಲ್ಲ, ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ.

ಮೂಗಿನ ಸ್ಪ್ರೇ: ಕೈ ಯಾವುದು, ಕೋನ ಯಾವುದು

ನಿರಂತರ ಅಲರ್ಜಿಗೆ ಅತ್ಯಂತ ಪರಿಣಾಮಕಾರಿ ಔಷಧ ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಸ್ಪ್ರೇ. ಹೆಸರು ಕೇಳಿದರೇ ಜನ ಹೆದರುತ್ತಾರೆ. ಲೆಕ್ಕ ನೋಡಿ: ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಒಂದು ಒತ್ತಿಗೆ 50 ಮೈಕ್ರೋಗ್ರಾಂ, ದೊಡ್ಡವರಿಗೆ ಪ್ರತಿ ಹೊಳ್ಳೆಗೆ ಎರಡು ಒತ್ತು ಎಂದರೆ ದಿನಕ್ಕೆ 200 ಮೈಕ್ರೋಗ್ರಾಂ, ಅದರಲ್ಲೂ ರಕ್ತಕ್ಕೆ ಸೇರುವುದು ಶೇ. 2ಕ್ಕಿಂತ ಕಡಿಮೆ. ಪ್ರೆಡ್ನಿಸೊಲೋನಿನ 5 ಮಿಲಿಗ್ರಾಂ ಗುಳಿಗೆ ಒಂದರಲ್ಲೇ 5,000 ಮೈಕ್ರೋಗ್ರಾಂ ಇರುತ್ತದೆ, ಅದರ ಬಹುಪಾಲು ರಕ್ತಕ್ಕೇ ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಸ್ಪ್ರೇ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳಷ್ಟು ಜನ ಹೊಡೆದುಕೊಳ್ಳುವ ರೀತಿಯೇ ತಪ್ಪಿರುತ್ತದೆ. ತಲೆ ಹಿಂದಕ್ಕೆ ಎತ್ತಿ, ನೇರ ಮೇಲಕ್ಕೆ ಒತ್ತಿ, ಜೋರಾಗಿ ಸೇದಿದರೆ ಔಷಧ ಗಂಟಲಿಗಿಳಿದು ಕಹಿಯಾಗುತ್ತದೆ. ಮೂಗಿಗೆ ಏನೂ ದಕ್ಕುವುದಿಲ್ಲ. ಸರಿಯಾದ ಬಗೆ ಹೀಗೆ: ಮೊದಲು ಮೂಗು ಸೀಟಿಕೊಳ್ಳಿ. ಬಾಟಲಿ ಅಲುಗಾಡಿಸಿ, ಹೊಸದಾದರೆ ಅಥವಾ ವಾರದಿಂದ ಬಳಸದಿದ್ದರೆ ನವಿರು ತುಂತುರು ಬರುವವರೆಗೆ ಗಾಳಿಗೆ ಒತ್ತಿ. ತಲೆ ತುಸು ಮುಂದಕ್ಕೆ ಬಾಗಿಸಿ, ನಿಮ್ಮ ಕಾಲ್ಬೆರಳು ಕಾಣುವಷ್ಟು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಕೈ ಅಡ್ಡ ಹಾಯಿಸಿದರೆ ತುದಿ ತಾನಾಗಿ ಅದೇ ಬದಿಯ ಕಿವಿಯ ಕಡೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ನೇರ ಹೊಡೆದರೆ ಆ ತೆಳ್ಳನೆ ಪೊರೆ ಒಣಗಿ ರಕ್ತ ಒಸರುತ್ತದೆ. ಸ್ಪ್ರೇಯಿಂದ ಮೂಗಿನಲ್ಲಿ ರಕ್ತ ಬರಲು ಹೆಚ್ಚಿನ ಸಲ ಇದೇ ಕಾರಣ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರೆಳೆಯಿರಿ. ಆಮೇಲೆ ಹತ್ತು ನಿಮಿಷ ಸೀಟಬೇಡಿ.

ಇದು ತಲೆನೋವಿನ ಗುಳಿಗೆಯಂತೆ ಅರ್ಧ ತಾಸಿನಲ್ಲಿ ಗುಣ ತೋರಿಸುವುದಿಲ್ಲ. ಮೂರನೇ ದಿನದಿಂದ ಗುಣ ಕಾಣತೊಡಗಿ, ಪೂರ್ತಿ ಬಲ ಬರಲು ಎರಡು ವಾರ ಬೇಕು. ಮೂರು ದಿನ ಹೊಡೆದು ಬಿಟ್ಟವರು ಔಷಧಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಪ್ರತಿ ವರ್ಷ ಒಂದೇ ಹಂಗಾಮಿನಲ್ಲಿ ಸೀನು ಬರುವವರು ಎರಡು ವಾರ ಮೊದಲೇ ಶುರುಮಾಡಬಹುದು. ಹಿಡಿತಕ್ಕೆ ಬಂದ ಮೇಲೆ ವೈದ್ಯರು ದಿನಕ್ಕೆ ಒಂದೊಂದೇ ಒತ್ತಿಗೆ ಇಳಿಸುತ್ತಾರೆ. ಮಕ್ಕಳ ಪ್ರಮಾಣ ಬೇರೆ. ಗರ್ಭಿಣಿಯರು ಮೊದಲು ಉಪ್ಪುನೀರು, ಉಳಿದದ್ದೆಲ್ಲ ವೈದ್ಯರನ್ನು ಕೇಳಿಯೇ. ಇದರ ಮೇಲೂ ನಿಲ್ಲದಿದ್ದರೆ ಅಜೆಲಾಸ್ಟಿನ್ ಬೆರೆತ ಸ್ಪ್ರೇ ಇದೆ, ಅದು ನಿಮಿಷಗಳಲ್ಲೇ ಕೆಲಸ ಶುರುಮಾಡುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಅಗ್ಗದ, ಒಳ್ಳೆಯ ಜೊತೆಗಾರ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಣ್ಣ ಚಮಚದಲ್ಲಿ ಒಂದೂವರೆ, ಅರ್ಧ ಚಮಚ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೆ ಬರೀ ನೀರು ಹೊಕ್ಕಂತೆ ಮೂಗು ಉರಿಯುತ್ತದೆ, ಹೆಚ್ಚಾದರೂ ಉರಿಯುತ್ತದೆ. ನಳದ ನೀರು, ಬೋರಿನ ನೀರು, ಆರ್‌ಓ ನೀರು ಯಾವುದನ್ನೂ ನೇರವಾಗಿ ಮೂಗಿಗೆ ಹಾಕಬೇಡಿ. ಕುಡಿದರೆ ಏನೂ ಮಾಡದ ಒಂದು ಅಮೀಬಾ ಮೂಗಿನ ದಾರಿಯಿಂದ ಮಿದುಳಿಗೆ ಹೋಗಬಲ್ಲದು. ಅಪರೂಪ, ಆದರೆ ತಗುಲಿದರೆ ಬದುಕುವುದೇ ಕಷ್ಟ. ಐದು ನಿಮಿಷ ಮರಳಿಸಿ, ಮುಚ್ಚಿಟ್ಟು, ಉಗುರುಬೆಚ್ಚಗಾದ ಮೇಲೆ ಬಳಸಿ. ಬಚ್ಚಲ ಮುಂದೆ ಬಾಗಿ, ಬಾಯಿಂದ ಉಸಿರಾಡುತ್ತ, ಒಂದು ಹೊಳ್ಳೆಯಿಂದ 100 ಮಿ.ಲೀ. ಬಿಟ್ಟು ಇನ್ನೊಂದರಿಂದ ಹೊರಬಿಡಿ. ನಂತರ ಎರಡೂ ಹೊಳ್ಳೆ ಬಿಗಿಹಿಡಿದು ಸೀಟಬೇಡಿ, ನೀರು ಕಿವಿಗೆ ನುಗ್ಗುತ್ತದೆ. ಸ್ಪ್ರೇ ಹೊಡೆಯುವುದಿದ್ದರೆ ತೊಳೆದ ಹತ್ತು ಹದಿನೈದು ನಿಮಿಷದ ಮೇಲೆ. ಮೂಗು ತೊಳೆಯುವ ಬಾಟಲಿಯನ್ನು ಪ್ರತಿ ಸಲ ಕುದಿಸಿದ ನೀರಿನಲ್ಲೇ ತೊಳೆದು ಒಣಗಿಸಿ.

ಗುಳಿಗೆ, ಹನಿ, ಇಂಜೆಕ್ಷನ್

ಬಿಟ್ಟು ಬಿಟ್ಟು ಬರುವ ಸೀನಿಗೆ ಸೆಟ್ರಿಜಿನ್ 10 ಮಿಲಿಗ್ರಾಂ, ಲಿವೋಸೆಟ್ರಿಜಿನ್ 5, ಫೆಕ್ಸೊಫೆನಡಿನ್ 120 ಸಾಕಾಗುತ್ತವೆ. ಇವು ಸೀನು, ತುರಿಕೆಗೆ ಚೆನ್ನಾಗಿ ಕೆಲಸ ಮಾಡುತ್ತವೆ, ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೆ. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಬೈಕ್, ಟ್ರ್ಯಾಕ್ಟರ್ ಓಡಿಸುವವರು ರಾತ್ರಿ ತೆಗೆದುಕೊಳ್ಳುವುದೋ ಫೆಕ್ಸೊಫೆನಡಿನ್‌ಗೆ ಬದಲಾಗುವುದೋ ಲೇಸು. ಫೆಕ್ಸೊಫೆನಡಿನ್ ನುಂಗಲು ಹಣ್ಣಿನ ರಸ ಬೇಡ, ಔಷಧ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಹಳೆಯ ಸಿಪಿಎಂ (ಕ್ಲೋರ್‌ಫೆನಿರಮೈನ್) ಗುಳಿಗೆ ಇನ್ನೂ ಹೆಚ್ಚು ನಿದ್ದೆ ತರುತ್ತದೆ, ಪ್ರೋಸ್ಟೇಟ್ ತೊಂದರೆ ಇರುವ ವಯಸ್ಸಾದವರಿಗೆ ಮೂತ್ರ ಕಟ್ಟಬಹುದು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಸೆಟ್ರಿಜಿನ್ ಪ್ರಮಾಣ ತಗ್ಗಿಸಬೇಕು. ಲಿವೋಸೆಟ್ರಿಜಿನ್ ಜೊತೆ ಮಾಂಟೆಲುಕಾಸ್ಟ್ ಬೆರೆತ ಗುಳಿಗೆ ಎಲ್ಲೆಡೆ ಮಾರಾಟವಾಗುತ್ತದೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಾಂಟೆಲುಕಾಸ್ಟ್ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿತು. ಮನಸ್ಸು ಕುಗ್ಗುವುದು, ಸಿಟ್ಟು, ಕೆಟ್ಟ ಕನಸು, ಆತ್ಮಹತ್ಯೆಯ ಯೋಚನೆ ಬರಬಹುದೆಂದು. ಅದು ಬರೀ ಸೀನಿಗೆ ಮೊದಲ ಔಷಧವಲ್ಲ. ಮಗುವಿಗೆ ಕೊಡುತ್ತಿದ್ದು ಸ್ವಭಾವ ಬದಲಾದಂತೆ ಕಂಡರೆ ಕೂಡಲೆ ವೈದ್ಯರಿಗೆ ಹೇಳಿ.

ಮೂಗು ತೆರೆಯುವ ಹನಿಗಳ ವಿಷಯ ಇನ್ನೂ ನಾಜೂಕು. ಝೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಹನಿ ಹಾಕಿದ ಐದೇ ನಿಮಿಷಕ್ಕೆ ಮೂಗು ಬಿಡುತ್ತದೆ. ಐದು ದಿನ ಮೀರಿ ಹಾಕುತ್ತ ಹೋದರೆ ಔಷಧ ಇಳಿದಕೂಡಲೆ ಪೊರೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ, ಮತ್ತೆ ಹನಿ, ಮತ್ತೆ ಊತ. ವರ್ಷಗಟ್ಟಲೆ ಜೇಬಿನಲ್ಲಿ ಹನಿಯ ಬಾಟಲಿ ಇಟ್ಟುಕೊಂಡು ತಿರುಗುವವರು ಈ ಸುಳಿಗೆ ಸಿಕ್ಕವರು. ಬಿಡುವ ದಾರಿ: ಸ್ಟಿರಾಯ್ಡ್ ಸ್ಪ್ರೇ ಶುರುಮಾಡಿ, ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೆ. ಮೊದಲ ವಾರ ಕಷ್ಟ, ಆಮೇಲೆ ಸಡಿಲಾಗುತ್ತದೆ.

ಅಲರ್ಜಿಗೆಂದು ವರ್ಷಕ್ಕೊಂದೆರಡು ಸಲ ಚುಚ್ಚುವ, ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ದೂರವಿರಿ. ಅದು ಸಕ್ಕರೆ ಏರಿಸುತ್ತದೆ, ದೇಹದ ಸ್ವಂತ ಸ್ಟಿರಾಯ್ಡ್ ಉತ್ಪಾದನೆಯನ್ನು ತಗ್ಗಿಸುತ್ತದೆ, ಮತ್ತೆ ಮತ್ತೆ ತೆಗೆದುಕೊಂಡರೆ ಎಲುಬು ಸವೆಸುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ, ಎರಡೇ ದಿನದಲ್ಲಿ ಎಲ್ಲ ಗುಣವಾಗಿಸುವ ಪುಡಿಯಲ್ಲೂ ಇದೇ ಔಷಧ ಅಡಗಿರುವ ಸಾಧ್ಯತೆ ಇದೆ.

ಪರೀಕ್ಷೆ ಬೇಕಾಗುವುದು ಔಷಧದಿಂದ ಹಿಡಿತ ಸಿಗದಿದ್ದಾಗ ಅಥವಾ ಇಮ್ಯುನೋಥೆರಪಿ, ಅಂದರೆ ಅಲರ್ಜಿ ತರುವ ವಸ್ತುವನ್ನೇ ತುಸುತುಸು ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ, ಯೋಚಿಸುವಾಗ. ಮುಂಗೈ ಮೇಲೆ ಅಲರ್ಜಿ ದ್ರವದ ಹನಿಗಳನ್ನಿಟ್ಟು ಸೂಜಿಮೊನೆ ತಾಗಿಸಿ, 15-20 ನಿಮಿಷದ ಮೇಲೆ ಎದ್ದ ಗುಳ್ಳೆ ಅಳೆಯುತ್ತಾರೆ. ಬರೀ ಲವಣದ ಹನಿಗಿಂತ 3 ಮಿ.ಮೀ. ದೊಡ್ಡದಿದ್ದರೆ ಲೆಕ್ಕಕ್ಕೆ. ಪರೀಕ್ಷೆಗೆ ಒಂದು ವಾರ ಮೊದಲು ಸೆಟ್ರಿಜಿನ್‌ನಂಥ ಗುಳಿಗೆ ನಿಲ್ಲಿಸದಿದ್ದರೆ ಗುಳ್ಳೆಯೇ ಏಳುವುದಿಲ್ಲ, ಹಣ ವ್ಯರ್ಥ. ರಕ್ತದ ಒಟ್ಟು ಐಜಿಇ ಹೊಟ್ಟೆಹುಳದಿಂದಲೂ ಏರುತ್ತದೆ, ಅದೊಂದನ್ನೇ ನಂಬಬೇಡಿ. ನೂರಾರು ಆಹಾರಗಳಿಗೆ ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಅಳೆದ ಪಟ್ಟಿ ನೋಡಿ ಹಾಲು, ಬದನೆಕಾಯಿ ಬಿಡುವುದರಲ್ಲಿ ಅರ್ಥವಿಲ್ಲ. ಇಮ್ಯುನೋಥೆರಪಿ ಚುಚ್ಚಿಸಿಕೊಂಡರೂ ನಾಲಿಗೆಯಡಿ ಇಟ್ಟುಕೊಂಡರೂ ಮೂರರಿಂದ ಐದು ವರ್ಷದ ದಾರಿ.

ಮನೆಯಿಂದ ಹೊರಡುವಾಗ ಒಂಟಿ ಸೀನು ಬಂದರೆ ಅಪಶಕುನವೆಂದು ಮೂಗು ಬಾಯಿ ಬಿಗಿಹಿಡಿದು ನುಂಗಿಕೊಳ್ಳುವವರಿದ್ದಾರೆ. ಆ ಒತ್ತಡ ಹಿಂದಕ್ಕೆ ತಿರುಗಿ ಕಿವಿಯ ತಮಟೆ, ಅಪರೂಪಕ್ಕೆ ಗಂಟಲಿನ ಗೋಡೆ ಹರಿದದ್ದೂ ಇದೆ. ಮೊಣಕೈ ಅಡ್ಡ ಹಿಡಿದು ಸೀನಿಬಿಡಿ.

ಸೀನಿನ ಜೊತೆ ಎದೆ ಸುಂಯ್‌ಗುಡುವುದು, ರಾತ್ರಿ ಕೆಮ್ಮು, ಓಡಿದರೆ ದಮ್ಮು ಇದ್ದರೆ ಅಸ್ತಮಾ ಪರೀಕ್ಷೆ ಆಗಲೇಬೇಕು. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಒಂದೇ ಕಡೆಯಿಂದ ರಕ್ತ ಬೆರೆತ ಸಿಂಬಳ, ಹತ್ತು ದಿನ ಮೀರಿದ ಮುಖದ ನೋವು ಮತ್ತು ಕೀವು, ವಾಸನೆ ಪೂರ್ತಿ ಹೋಗುವುದು ಇವು ಅಲರ್ಜಿಯ ಲಕ್ಷಣವಲ್ಲ. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಒಳಗೆ ಕಡಲೆಕಾಳೋ ಮಣಿಯೋ ಕೂತಿರಬಹುದು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನಷ್ಟು ಒಳಗೆ ಸರಿಯುತ್ತದೆ. ತಲೆಗೆ ಪೆಟ್ಟು ಬಿದ್ದವರಿಗೆ, ಮುಂದೆ ಬಾಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಮೂಗು ಸೀಟದೆ, ಅದೇ ದಿನ ಆಸ್ಪತ್ರೆಗೆ ಹೋಗಿ.